ಜಾಲತಾಣದಲ್ಲಿ ಕೇಳುವ ವಿದ್ಯೆ

ಹಳಬರು ಬೋರಿಬಂದರವೆಂದೂ ಈಗಿನವರು ಸಿ.ಎಸ್.ಎಂ.ಟಿ. ಎಂದೂ ಕರೆಯುವ ನಿಲ್ದಾಣದಿಂದ ಫೋರ್ಟಿನ ಕಡೆಗೆ ಹೊರಟವರಿಗೆ ಜನರಲ್ ಪೋಸ್ಟ್ ಆಫೀಸಿನ ಗುಮ್ಮಟವು ಕಾಣದೆ ಇರಲಾರದು. 1913ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿಯೆಂಬುದನ್ನು ಕನ್ನಡಿಗನಾದವನು ಒಂದಿಷ್ಟು ಹೆಮ್ಮೆಯಿಂದ ನೆನೆಯಬಹುದು. ಆದರೆ ಇಂದಿನ ನಮ್ಮ ಪಾಠಕ್ಕೆ ಬೇಕಾದುದು ಗುಮ್ಮಟವಲ್ಲ, ಅದರೆದುರಿನ ಬೀದಿಬದಿ. ಅಲ್ಲಿ ಕಬೂತರಖಾನೆಯ ಹತ್ತಿರ, ತಾಡಪತ್ರಿಯ ನೆರಳಿನಲ್ಲಿ, ಕಾಗದ ಬರೆದುಕೊಡುವವರು ಬಹುಕಾಲ ಸಾಲಾಗಿ ಕುಳಿತಿರುತ್ತಿದ್ದರು. ಊರು ಬಿಟ್ಟು ಬಂದು ಈ ನಗರದಲ್ಲಿ ದುಡಿಯುತ್ತಿದ್ದ, ಅಕ್ಷರ ಬಾರದ ಜನ ಅವರ ಮುಂದೆ ಕುಳಿತು ಮನೆಗೆ ಕಾಗದ ಬರೆಯಿಸುತ್ತಿದ್ದರು. ಮನಿಯಾರ್ಡರಿನ ಫಾರಮು ತುಂಬಿಸಿಕೊಳ್ಳುತ್ತಿದ್ದರು. ಕೈಗೆ ಫೋನು ಬಂದ ಮೇಲೆ ಆ ಕಸಬು ಸೊರಗಿತು. ಅವರಲ್ಲಿ ಉಳಿದವರು ಪಾರ್ಸೆಲಿಗೆ ಬಟ್ಟೆ ಹೊಲಿದು ಕಟ್ಟಿಕೊಡುವ ಕೆಲಸಕ್ಕೆ ತಿರುಗಿದರು.

ಬರೆಯುವವನು ಲೇಖನಿ ಎತ್ತಿಕೊಂಡು ಮೊದಲು ಕೇಳುವ ಮಾತು ಒಂದೇ: ‘ಏನು ಬರೆಯಲಿ?’ ಇದಕ್ಕೆ ಉತ್ತರ ಕೊಡದೆ ಕಾಗದ ಮುಂದೆ ಸಾಗುವಂತಿರಲಿಲ್ಲ. ಹಣ ಎಷ್ಟು ಕಳುಹಿಸಿದೆ, ತಾಯಿಯ ಮೊಣಕಾಲು ಹೇಗಿದೆ, ಮಳೆಗೆ ಮುಂಚೆ ಮಾಡಿನ ಹಂಚು ಸರಿಪಡಿಸಿದಿರಾ, ತಂಗಿಯ ಗಂಡಿನ ಕಡೆಯವರು ಏನೆಂದರು ಎಂದು ತನಗೆ ಬೇಕಾದುದನ್ನು ಮನಸ್ಸಿನಲ್ಲಿ ಹುಡುಕಿ ತೆಗೆದು ಬಾಯಿಬಿಟ್ಟು ಹೇಳಬೇಕಾಗಿತ್ತು. ಬರೆಯಿಸುವುದಕ್ಕೆ ಕಾಸು ಬೇಕು. ಹಾಳೆಯಲ್ಲಿ ಜಾಗ ಕಡಿಮೆ. 1950ರ ಅಕ್ಟೋಬರಿನಲ್ಲಿ ಬಂದ ಇನ್‌ಲ್ಯಾಂಡ್ ಕಾಗದಕ್ಕೆ ಮಡಚುವ ಅಂಚುಗಳನ್ನು ಬಿಟ್ಟರೆ ಉಳಿಯುವ ಜಾಗವೆಷ್ಟು? ಮನಿಯಾರ್ಡರಿನ ಕೆಳಗಿನ ಚೀಟಿಯಲ್ಲಂತೂ ಎರಡು ಸಾಲು ಹಿಡಿದರೆ ಹೆಚ್ಚು. ಆ ಎರಡು ಸಾಲಿನಲ್ಲಿ ಯಾರೂ ಸುಭಾಷಿತ ಬರೆದು ಕಳುಹಿಸಿದ್ದನ್ನು ನಾನು ಕೇಳಿಲ್ಲ. ಹದಿನೈದು ದಿನಕ್ಕೆ ಮರುಟಪಾಲು ಬಂದರೆ, ಕೇಳಿದ ಒಂದೊಂದು ಮಾತಿಗೂ ಅದರಲ್ಲಿ ಉತ್ತರವಿರುತ್ತಿತ್ತು.

ಈಗ ಕಾಗದ ಬರೆಯಿಸುವ ಖರ್ಚಿಲ್ಲ, ಕಾಯುವ ಹದಿನೈದು ದಿನವಿಲ್ಲ, ಹಾಳೆಗೆ ಅಂಚೂ ಇಲ್ಲ. ಹೊಟೇಲಿನ ಅಡಿಗೆಮನೆಯಲ್ಲಿ ಕೆಲಸ ಮಾಡುವ ಹುಡುಗನ ಕಿಸೆಯಲ್ಲಿಯೂ, ಬ್ಯಾಂಕಿನ ಗುಮಾಸ್ತನ ಮೇಜಿನ ಮೇಲೆಯೂ ಒಂದೇ ಬಗೆಯ ಯಂತ್ರವಿದೆ. ಊರಿನವರದೊಂದು ಗುಂಪು, ಜಾತಿ ಸಂಘದ್ದೊಂದು, ಹಳೆಯ ರಾತ್ರಿಶಾಲೆಯ ಸಹಪಾಠಿಗಳದ್ದೊಂದು, ಕೆಲಸದ ಜಾಗದ್ದೊಂದು, ಹೀಗೆ ಒಬ್ಬೊಬ್ಬರೂ ಐದಾರು ಗುಂಪುಗಳಲ್ಲಿ ಸೇರಿರುತ್ತೇವೆ. ಆದರೆ ‘ಏನು ಬರೆಯಲಿ?’ ಎಂದು ಕೇಳುವವನು ಮಾತ್ರ ಎದುರಿಗಿಲ್ಲ. ವಾಚಕರು ಒಂದು ಅಭ್ಯಾಸ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಇಂದು ರಾತ್ರಿ ನಿಮ್ಮ ದೊಡ್ಡ ಗುಂಪೊಂದನ್ನು ತೆರೆದು, ಬೆಳಗಿನಿಂದ ಬಂದ ಸಂದೇಶಗಳನ್ನು ಮೇಲಿನಿಂದ ಕೆಳಕ್ಕೆ ಓದಿ. ಕಳುಹಿಸಿದವರು ಸ್ವತಃ ಬರೆದದ್ದು ಎಷ್ಟು, ಬೇರೆಡೆಯಿಂದ ಬಂದದ್ದನ್ನು ಮುಂದಕ್ಕೆ ದಾಟಿಸಿದ್ದು ಎಷ್ಟು ಎಂದು ಎರಡು ಕಂಬದಲ್ಲಿ ಗೆರೆ ಎಳೆದು ಲೆಕ್ಕ ಹಾಕಿ. ಸೂರ್ಯೋದಯದ ಚಿತ್ರಗಳನ್ನು ಎರಡನೆಯ ಕಂಬಕ್ಕೇ ಹಾಕತಕ್ಕದ್ದು. ನನ್ನ ಲೆಕ್ಕ ಏನು ಬಂತೆಂದು ಇಲ್ಲಿ ಹೇಳುವುದಿಲ್ಲ. ಆ ಗುಂಪಿನವರು ಈ ಪತ್ರಿಕೆಯನ್ನೂ ಓದುತ್ತಾರೆ.

ಇಲ್ಲಿ ಸ್ವಲ್ಪ ನಿಂತು ಈ ಸಾಧನದ ಸ್ವರೂಪವನ್ನು ಅರಿತುಕೊಳ್ಳೋಣ. ಕಾಗದವು ಒಬ್ಬನಿಂದ ಒಬ್ಬನಿಗೆ ಹೋಗುತ್ತದೆ. ವೃತ್ತಪತ್ರಿಕೆಯು ಕೆಲವರಿಂದ ಬಹುಮಂದಿಗೆ ಹೋಗುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಕನ್ನಡಿಗರಿಗೆ ಈ ಎರಡನೆಯ ದಾರಿ ತೆರೆಯಿತು. ಫೇಸ್‌ಬುಕ್ಕು 2004ರಲ್ಲಿ, ವಾಟ್ಸಾಪು 2009ರಲ್ಲಿ ಹುಟ್ಟಿದವು. ಇವುಗಳಲ್ಲಿ ಬಹುಮಂದಿಯಿಂದ ಬಹುಮಂದಿಗೆ ಮಾತು ಹರಿಯುತ್ತದೆ. ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಗುಣವೂ ಇದೇ, ದೋಷವೂ ಇದೇ. ‘ಪ್ರಜಾವಾಣಿ’ಯ ವಾಚಕರ ವಾಣಿಯಲ್ಲಿ ಪತ್ರ ಬರೆದವನು ಕೆಳಗೆ ತನ್ನ ಹೆಸರನ್ನೂ ಊರನ್ನೂ ಕಾಣಿಸುತ್ತಾನೆ. ದಾಟಿಸಿದ ಸಂದೇಶಕ್ಕೆ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಅದನ್ನು ಕಳುಹಿಸಿದ ನಿಮ್ಮ ಭಾವನವರು ನಂಬಿಕೆಯ ಮನುಷ್ಯರೆಂದು ನೀವು ಅದನ್ನು ನಂಬುತ್ತೀರಿ. ಭಾವನವರಿಗೋ ಅದು ಎಲ್ಲಿಂದ ಬಂತೆಂಬುದೇ ತಿಳಿಯದು.

ಇದರಿಂದ ಏನಾಯಿತೆಂಬುದನ್ನು ನಾವು ಮರೆಯಬಾರದು. 2012ರ ಆಗಸ್ಟಿನಲ್ಲಿ, ಎಸ್.ಎಂ.ಎಸ್. ಮೂಲಕ ಹಬ್ಬಿದ ಸುಳ್ಳು ಬೆದರಿಕೆಗೆ ಅಂಜಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಾಟಿಯ ರೈಲು ಹತ್ತಿದರು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಎಲ್ಲೆಡೆ ಓಡಾಡಿತು. ಆ ವರ್ಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆಂದು ಬಂದಿದ್ದ ತರುಣನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ನಮ್ಮ ಈ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಸಂತೆಯ ದಿನ ಐವರು ಭಿಕ್ಷುಕ ಅಲೆಮಾರಿಗಳನ್ನು ಗ್ರಾಮಪಂಚಾಯತಿಯ ಕೋಣೆಗೆ ತಳ್ಳಿ ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರು ಕರಣಿಕರಾಗಿದ್ದರೆಂದು ನಾವು ಓದುವ ಅದೇ ಮಂಗಳವೇಢೆ. ಎರಡು ವಾರ ಕಳೆಯುವುದರೊಳಗೆ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಎಂಜಿನಿಯರನೊಬ್ಬ ಸತ್ತ. ಅವನೂ ಅವನ ಸ್ನೇಹಿತರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಅವರ ಕಾರು ಮುಂದಿನ ಹಳ್ಳಿಯನ್ನು ಮುಟ್ಟುವ ಮೊದಲೇ ವಾಟ್ಸಾಪಿನ ಸಂದೇಶ ಅಲ್ಲಿಗೆ ಮುಟ್ಟಿತ್ತು.

ಓಡಿದವರೂ ಸತ್ತವರೂ ಆ ಸ್ಥಳಕ್ಕೆ ಪರವೂರಿನವರು. ಮುಂಬಯಿಯಲ್ಲಿ ನಾವೂ ಪರವೂರಿನವರೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜುಲೈ ತಿಂಗಳಿನಲ್ಲಿ ವಾಟ್ಸಾಪಿನವರು ದಾಟಿಸಿದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕಲು ತೊಡಗಿದರು. ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಭಾರತದಲ್ಲಿ ಕಡಿವಾಣ ಹಾಕಿದರು. 2020ರ ಏಪ್ರಿಲಿನಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಎರಡು ಬಾಣದ ಗುರುತು ಕಂಡಲ್ಲಿ ಇದು ಹಲವು ಕೈಗಳ ಎಂಜಲೆಂದು ತಿಳಿಯತಕ್ಕದ್ದು.

ಹಾಗಾದರೆ ಈ ಸಾಧನವನ್ನೇ ದೂರವಿಡುವುದು ಲೇಸಲ್ಲವೇ ಎಂದು ಕೆಲವು ಹಿರಿಯರು ಕೇಳುವುದುಂಟು. ನಾನು ಅದಕ್ಕೆ ಒಪ್ಪುವುದಿಲ್ಲ. ಒಪ್ಪದಿರಲು ಕಾರಣವಾದ ಒಂದು ಪ್ರಸಂಗವನ್ನು ಊರಿನ ಕಡೆಯಿಂದಲೇ ತೆಗೆದು ಹೇಳುತ್ತೇನೆ.

ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಎಂಬ ಮಾಸಪತ್ರಿಕೆ 1988ರಿಂದ ಹೊರಡುತ್ತಿದೆ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡುಗಳ ವಾಚಕರಿಗೆ ಅದರ ಪರಿಚಯ ಬೇಡ. ಅವರ ಮನೆಯ ಜಗಲಿಯಲ್ಲಿ ಅದರ ಹಳೆಯ ಸಂಚಿಕೆಗಳಿದ್ದಾವು. ಅಡಿಕೆಯ ಬೆಲೆ ಬಿದ್ದು ಬೆಳೆಗಾರರು ಕಂಗೆಟ್ಟ ಕಾಲದ ಬೆನ್ನಿಗೆ ಹುಟ್ಟಿದ ಪತ್ರಿಕೆಯದು. ಕಾಸರಗೋಡು ಜಿಲ್ಲೆಯ ವಾಣೀನಗರದ ಶ್ರೀ ಪಡ್ರೆಯವರು ಅದರ ಮುಖ್ಯ ಕೈ. ಕೃಷಿಯ ವಿಷಯವನ್ನು ಪಂಡಿತರಷ್ಟೇ ಬರೆದರೆ ಸಾಲದು, ಮಾಡಿ ನೋಡಿದ ಕೃಷಿಕನೇ ಲೇಖನಿ ಹಿಡಿಯಬೇಕೆಂಬುದು ಅವರ ಪಟ್ಟು. ಯಾರ ತೋಟ, ಯಾವ ಊರು, ಎಷ್ಟು ಖರ್ಚಾಯಿತು, ಎಲ್ಲಿ ಕೆಟ್ಟಿತು ಎಂಬುದೆಲ್ಲ ಬರಹದಲ್ಲಿ ಬರಬೇಕು. ವರ್ಷಗಟ್ಟಲೆ ಹೀಗೆ ಕೇಳಿ ಹೇಳಿ ರೂಢಿಯಾದ ಜನರ ಕೈಗೆ ವಾಟ್ಸಾಪು ಬಂದಾಗ ಏನಾಯಿತೆಂಬುದೇ ನೋಡತಕ್ಕ ಸಂಗತಿ.

2021ರಲ್ಲಿ, ಕೋವಿಡಿನ ಎರಡನೆಯ ಅಲೆಯ ಕಾಲ. ಮಾರುಕಟ್ಟೆ ಮುಚ್ಚಿ ಬಾಳೆಕಾಯಿಯ ಬೆಲೆ ಕುಸಿದುಹೋಗಿತ್ತು. ಗೊನೆ ಕಡಿದ ಕೂಲಿ ಹುಟ್ಟುವುದೂ ಕಷ್ಟ. ತರಕಾರಿಯನ್ನು ಒಣಗಿಸಿ ಇಡುವ ಬಗೆಯನ್ನು ಚರ್ಚಿಸುತ್ತಿದ್ದ ‘ಎನಿಟೈಮ್ ವೆಜಿಟೆಬಲ್’ ಎಂಬ ವಾಟ್ಸಾಪು ಗುಂಪೊಂದಿತ್ತು. ತುಮಕೂರು ಜಿಲ್ಲೆಯ ತುರುವೇಕೆರೆ ಕಡೆಯ ಕೃಷಿಕ ಮಹಿಳೆಯೊಬ್ಬರು ಪಡ್ರೆಯವರ ಮೂಲಕ ಆ ಗುಂಪಿನ ಸಂಪರ್ಕಕ್ಕೆ ಬಂದು, ಹಸಿ ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡುವುದನ್ನು ಕಲಿತರು. ಆ ಹುಡಿಯಿಂದ ರೊಟ್ಟಿ ತಟ್ಟಿ ನೋಡಿದರು. ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಚಿಕ್ಕ ಹೆಸರು ಹುಟ್ಟಿತು. ಕೆಲವೇ ವಾರಗಳಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಎಷ್ಟೋ ಅಡಿಗೆಮನೆಗಳಲ್ಲಿ ಬಿಲ್ಲೆ ಒಣಗತೊಡಗಿತು. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹೇಗೆ? ಹೆಚ್ಚಿದ ಬಿಲ್ಲೆ ಕಪ್ಪಾಗುತ್ತದಲ್ಲ? ದೋಸೆಗೆ ಎಷ್ಟು ಬೆರೆಸಬೇಕು? ಇಂತಹ ಅಡಿಗೆಮನೆಯ ಪ್ರಶ್ನೆಗಳು. ಇವುಗಳಿಗೆ ಮಾಡಿ ನೋಡಿದವರ ಉತ್ತರಗಳು. ಹಾಳಾಗಲಿದ್ದ ಗೊನೆಗೆ ದಾರಿಯೊಂದು ಸಿಕ್ಕಿತು. ಇದಕ್ಕೆ ಕಾರ್ಖಾನೆ ಬೇಕಾಗಲಿಲ್ಲ, ಸರಕಾರದ ಯೋಜನೆಗೆ ಕಾಯಲಿಲ್ಲ.

ಬಾಕಾಹು ಲೋಕವನ್ನೇ ಬದಲಿಸಿತೆಂದು ನಾನು ಹೇಳುವುದಿಲ್ಲ. ಬೆಲೆ ಏರಿದ ಮೇಲೆ ಗೊನೆ ಮಾರುಕಟ್ಟೆಗೇ ಹೋಗುವುದು ಸಹಜ. ನಮ್ಮ ಪಾಠಕ್ಕೆ ಬೇಕಾದುದು ಬೇರೆ. ಅಲ್ಲಿ ಕೇಳಿದವನಿಗೆ ನಿಜವಾದ ಅಗತ್ಯವಿತ್ತು, ಕೇಳಿದ್ದು ಚಿಕ್ಕದಾಗಿಯೂ ಗೊತ್ತುಮಾಡಿದ್ದಾಗಿಯೂ ಇತ್ತು, ಉತ್ತರಿಸಿದವನು ತನ್ನ ಕೈಯಿಂದ ಮಾಡಿದವನಾಗಿದ್ದನು, ಅವನಿಗೆ ಹೆಸರೂ ಊರೂ ಇತ್ತು. ಹಳೆಯ ಕಾಗದದ ಗುಣವೆಲ್ಲ ಹೊಸ ಯಂತ್ರದೊಳಗೆ ಬಂದು ಕೂತಿತೆನ್ನಬಹುದು.

ಫೋರ್ಟಿನಲ್ಲಿರುವ ನಮಗೆ ಬಾಳೆಯ ತೋಟವಿಲ್ಲ ಎನ್ನುವಿರೇನೋ. ನಮಗೂ ತೊಡಕುಗಳಿಗೇನು ಬರಗಾಲವಿಲ್ಲ. 2020ರ ಮೇ ತಿಂಗಳನ್ನು ಜ್ಞಾಪಿಸಿಕೊಳ್ಳಿ. ಹೊಟೇಲುಗಳು ಮುಚ್ಚಿದ್ದವು, ಖೋಲಿಯ ಬಾಡಿಗೆ ನಿಂತಿರಲಿಲ್ಲ, ಎಲ್ಲರಿಗೂ ಊರು ಸೇರುವ ತವಕ. ಕರ್ನಾಟಕಕ್ಕೆ ಹೋಗಲು ‘ಸೇವಾ ಸಿಂಧು’ವಿನಲ್ಲಿ ಹೆಸರು ನೋಂದಾಯಿಸಿ ಅನುಮತಿ ಪಡೆಯಬೇಕಾಗಿತ್ತು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಅದೇ ವಾರ ನಾನಿದ್ದ ಗುಂಪೊಂದರಲ್ಲಿ ‘ನಾಳೆಯಿಂದ ಗಡಿ ತೆರೆಯುತ್ತದೆ, ಎಲ್ಲರಿಗೂ ತಿಳಿಸಿ’ ಎಂಬ ಸಂದೇಶ ಬಂತು. ಅದನ್ನು ನಂಬಿ ನಾಲ್ವರು ಹೊಟೇಲು ಕೆಲಸದವರು ಟೆಂಪೋದವನಿಗೆ ಮುಂಗಡ ಕೊಡಲು ಹಣ ಕೂಡಿಸಿದ್ದರು. ನಿಪ್ಪಾಣಿಯ ಹತ್ತಿರ ಕೊಗನೊಳ್ಳಿ ನಾಕೆಯಲ್ಲಿ ಇಳಿದು ಒಳಹೊಕ್ಕರಾಯಿತೆಂದು ಅವರ ಎಣಿಕೆ.

ಆಗ ಗುಂಪಿನಲ್ಲಿ ಸಾಮಾನ್ಯವಾಗಿ ಮಾತೇ ಆಡದ ಒಬ್ಬ ಗುಮಾಸ್ತರು ಮೂರು ಪ್ರಶ್ನೆ ಬರೆದರು: ಇದು ಯಾವ ಸರಕಾರದ ಆಜ್ಞೆ? ತಾರೀಕು ಯಾವುದು? ನೀವು ಸ್ವತಃ ಓದಿದಿರಾ? ಕಳುಹಿಸಿದವರು ಉತ್ತರಿಸಲಿಲ್ಲ, ಸ್ವಲ್ಪ ಸಿಟ್ಟಾದರೆಂದೂ ಕೇಳಿದ್ದೇನೆ. ಗುಮಾಸ್ತರು ಸಿಟ್ಟಿಗೆ ಗಮನ ಕೊಡದೆ, ಇಂಗ್ಲಿಷಿನಲ್ಲಿದ್ದ ನಿಜವಾದ ಆಜ್ಞೆಯನ್ನು ಹುಡುಕಿ, ಅದರ ಸಾರವನ್ನು ಆರು ಸಾಲು ಕನ್ನಡದಲ್ಲಿ ಬರೆದು, ಕೆಳಗೆ ತಾರೀಕನ್ನೂ ತಮ್ಮ ಹೆಸರನ್ನೂ ಹಾಕಿದರು. ಟೆಂಪೋ ಹೊರಡಲಿಲ್ಲ. ಆ ದಿನಗಳಲ್ಲಿ ಗಡಿಯ ನಾಕೆಯ ಬಳಿ ಮಕ್ಕಳುಮರಿಗಳೊಡನೆ ಬಿಸಿಲಿನಲ್ಲಿ ಸಿಕ್ಕಿಬಿದ್ದವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದಾಗ, ಆ ಆರು ಸಾಲಿನ ಬೆಲೆ ಎಷ್ಟೆಂದು ಆ ನಾಲ್ವರಿಗೆ ತಿಳಿಯಿತು. ಗುಮಾಸ್ತರಿಗೆ ಖರ್ಚಾದದ್ದು ಅರ್ಧ ಗಂಟೆ.

ಈ ವಿದ್ಯೆಯನ್ನು ಕಲಿಯಬಹುದೇ? ಕಲಿಯಬಹುದು, ಪ್ರಶ್ನೆ ಬರೆಯುವುದರಿಂದಲೇ ಪ್ರಾರಂಭಿಸಬೇಕು. ಉದಾಹರಣೆಗೆ ಗುಂಪಿನಲ್ಲಿ ಒಬ್ಬರು ಹೀಗೆ ಬರೆಯುತ್ತಾರೆನ್ನಿ: ‘ಪಿ.ಎಫ್. ಬಗ್ಗೆ ಯಾರಿಗಾದರೂ ಗೊತ್ತೇ? ಅರ್ಜೆಂಟ್.’ ಇದಕ್ಕೆ ಬರುವ ಉತ್ತರ ಎರಡು ಕೈ ಮುಗಿದ ಚಿತ್ರ ಮಾತ್ರ. ಗೊತ್ತಿದ್ದವನೂ ಎಲ್ಲಿಂದ ತೊಡಗುವುದೆಂದು ತಿಳಿಯದೆ ಸುಮ್ಮನಾಗುತ್ತಾನೆ. ಅದನ್ನೇ ಹೀಗೆ ಬರೆದರೆ: ‘ನಾನು 2019ರಿಂದ 2023ರವರೆಗೆ ಒಂದು ಕಂಪನಿಯಲ್ಲಿದ್ದೆ. ಈಗ ಬೇರೆ ಕಡೆ ಇದ್ದೇನೆ. ಯು.ಎ.ಎನ್. ಒಂದೇ. ಹಳೆಯ ಕಂಪನಿಯವರು ನಾನು ಕೆಲಸ ಬಿಟ್ಟ ತಾರೀಕನ್ನು ತುಂಬಿಸಿಲ್ಲ, ಆದ್ದರಿಂದ ಹಣ ಹೊಸ ಖಾತೆಗೆ ಬರುತ್ತಿಲ್ಲ. ಇದೇ ತೊಡಕು ಬಂದು ಬಿಡಿಸಿಕೊಂಡವರಿದ್ದೀರಾ?’ ಈಗ ಗೊತ್ತಿದ್ದವನ ಕೈ ತಾನಾಗಿ ಬರೆಯಲು ಹೋಗುತ್ತದೆ. ಉತ್ತರವಂತೂ ಇದೆ: ಕೆಲಸ ಬಿಟ್ಟ ತಾರೀಕನ್ನು ಸದಸ್ಯನೇ ಪಿ.ಎಫ್. ಜಾಲತಾಣದಲ್ಲಿ ನಮೂದಿಸುವ ಸೌಲಭ್ಯವು 2020ರ ಜನವರಿಯಲ್ಲಿ ಬಂದಿದೆ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಅದನ್ನು ಮಾಡಬಹುದೆಂಬುದು ಆಗಿನ ನಿಯಮ. ಆಧಾರಿಗೆ ಜೋಡಿಸಿದ ಫೋನು ಕೈಯಲ್ಲಿರಬೇಕು. ಇದು ತಿಳಿಯದೆ ಹಳೆಯ ಮಾಲೀಕನ ಬಾಗಿಲಿಗೆ ತಿಂಗಳುಗಟ್ಟಲೆ ಅಲೆದವರನ್ನೂ, ಏಜೆಂಟನಿಗೆ ಹಣ ತೆತ್ತವರನ್ನೂ ನಾನು ಬಲ್ಲೆ. ಅವರು ಇದ್ದ ಗುಂಪುಗಳಲ್ಲಿಯೇ ಉತ್ತರ ಬಲ್ಲವರೂ ಇದ್ದರು.

ಇಲ್ಲಿ ಒಂದು ಎಚ್ಚರಿಕೆ. ಪ್ರಶ್ನೆ ಸ್ಪಷ್ಟವಾಗಿರಬೇಕೆಂದರೆ ಯು.ಎ.ಎನ್. ಸಂಖ್ಯೆಯನ್ನೂ ಆಧಾರಿನ ಚಿತ್ರವನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಗುಂಪಿಗೆ ಹಾಕಬೇಕೆಂದು ಅರ್ಥವಲ್ಲ. ಓ.ಟಿ.ಪಿ.ಯನ್ನು ಯಾರು ಕೇಳಿದರೂ, ಅವನು ಕನ್ನಡದಲ್ಲಿಯೇ ಕೇಳಿದರೂ, ಕೊಡತಕ್ಕದ್ದಲ್ಲ. ಹಣ ಹೋಯಿತೆಂದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಬರೆಯಲು ಬಾರದವರು, ಕನ್ನಡ ಅಕ್ಷರ ಒತ್ತಲು ತಿಳಿಯದವರು ಧ್ವನಿಯಲ್ಲಿ ಹೇಳಿದರೂ ಆದೀತು. ಆದರೆ ಬರೆದದ್ದು ಹುಡುಕಿದಾಗ ಸಿಗುತ್ತದೆ, ಧ್ವನಿ ಸಿಗುವುದಿಲ್ಲ. ಕನ್ನಡದ ಕೀಲಿಮಣೆ ಕಲಿಯುವುದು ಎರಡು ಸಂಜೆಯ ಕೆಲಸ. ಗಣಕದಲ್ಲಿ ಬಹುಮಂದಿ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮುಂಬಯಿಕರರಾದ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ‘ಹೇಗಿದ್ದೀರಿ’ ಎಂಬುದನ್ನು ಎಂಟು ರೀತಿಯಲ್ಲಿ ಕೆಡಿಸುವುದು ಆ ಮಹನೀಯರಿಗೆ ಮಾಡುವ ಮರ್ಯಾದೆಯಲ್ಲ.

ಕೊನೆಯದಾಗಿ, ಬಂದ ಉತ್ತರವನ್ನು ಕೂಡಿಡುವ ಮಾತು. ವಾಟ್ಸಾಪಿನ ಗುಂಪು ಹರಿಯುವ ನೀರಿನಂತೆ. ಸೋಮವಾರದ ಒಳ್ಳೆಯ ಉತ್ತರದ ಮೇಲೆ ಬುಧವಾರದೊಳಗೆ ನೂರು ಸೂರ್ಯೋದಯಗಳಾಗಿರುತ್ತವೆ. ಅದೇ ಪ್ರಶ್ನೆಯನ್ನು ಮರುತಿಂಗಳು ಮತ್ತೊಬ್ಬ ಕೇಳುತ್ತಾನೆ. ಹಿಂದೆ ಉತ್ತರಿಸಿದವನಿಗೆ ಬೇಸರ. ಕೂಡಿಡುವ ದೊಡ್ಡ ಮಾದರಿಯೊಂದು ಕನ್ನಡದಲ್ಲಿ ಆಗಲೇ ಇದೆ. 2003ರಲ್ಲಿ ತೊಡಗಿದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು ಮೂವತ್ತು ಸಾವಿರ ದಾಟಿವೆ; ತುಳು ವಿಕಿಪೀಡಿಯವೂ 2016ರಿಂದ ಇದೆ. ಅದರಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು ಲೇಖನಗಳಲ್ಲ, ಒಂದೊಂದು ಲೇಖನದ ಹಿಂದೆಯೂ ಇರುವ ‘ಚರ್ಚೆ’ ಎಂಬ ಪುಟ. ಇಬ್ಬರಿಗೆ ಒಂದು ಇಸವಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಆ ವಾದವೂ ಅಲ್ಲಿ ಹೆಸರು ತಾರೀಕುಗಳೊಡನೆ ಉಳಿಯುತ್ತದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿಗೂ ಹೆಚ್ಚು; ಅಲ್ಲಿ ಬರೆಯುವವರು ಮಾತ್ರ ಬಲು ಸ್ವಲ್ಪ ಮಂದಿ. ನಿಮ್ಮ ಊರಿನ ಹೆಸರನ್ನು ಅಲ್ಲಿ ಹುಡುಕಿ ನೋಡಿ. ಪುಟವೇ ಇಲ್ಲದಿರಬಹುದು, ಇದ್ದರೂ ಎರಡು ಸಾಲು ಇರಬಹುದು. ಊರಿನ ಶಾಲೆ ಎಂದು ತೊಡಗಿತು, ಕೆರೆಗೆ ಆ ಹೆಸರೇಕೆ ಎಂಬುದನ್ನು ಊರ ಗುಂಪಿನ ಹಿರಿಯರಲ್ಲಿ ವಿಚಾರಿಸಿ, ಅಚ್ಚಾದ ಆಧಾರ ದೊರೆತದ್ದನ್ನು ಅಲ್ಲಿಗೆ ಸೇರಿಸಬಹುದು. ಊರ ಗುಂಪಿಗೆ ಅದಕ್ಕಿಂತ ಒಳ್ಳೆಯ ಕೆಲಸ ಬೇರೊಂದು ನನಗೆ ಹೊಳೆಯುವುದಿಲ್ಲ.

ಚಿಕ್ಕ ಮಾದರಿ ನಮ್ಮ ವಾಚನಾಲಯದಲ್ಲಿಯೇ ಇದೆ. ಪತ್ರಿಕೆಗಳ ಮೇಜಿನ ಎಡತುದಿಯಲ್ಲಿ ಕೆಂಪು ಬೆನ್ನಿನ ಒಂದು ವಹಿಯನ್ನು ಇಟ್ಟಿದ್ದೇವೆ. ಗುಂಪಿನಲ್ಲಿ ಕೇಳಿ ಸರಿಯಾದ ಉತ್ತರ ಪಡೆದವರು ಎಡಪುಟದಲ್ಲಿ ಪ್ರಶ್ನೆಯನ್ನೂ ಬಲಪುಟದಲ್ಲಿ ಉತ್ತರವನ್ನೂ ತಾರೀಕು ಹಾಕಿ ಬರೆಯಬೇಕು. ನಿಯಮ ಬದಲಾದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸದನ್ನು ಬರೆಯಬೇಕು. ಪಿ.ಎಫ್. ಪ್ರಶ್ನೆ ಮೊದಲ ಪುಟದಲ್ಲಿದೆ. ಎರಡನೆಯದನ್ನು ಖಾನಾವಳಿಯಲ್ಲಿ ಬಡಿಸುವ ಹುಡುಗನೊಬ್ಬ ಪೆನ್ಸಿಲಿನಲ್ಲಿ ಬರೆದಿದ್ದಾನೆ: ಊರಿನ ರೇಶನ್ ಕಾರ್ಡಿನಲ್ಲಿ ನನ್ನ ಪಾಲಿನ ಅಕ್ಕಿಯನ್ನು ಇಲ್ಲಿನ ಅಂಗಡಿಯಲ್ಲಿ ತೆಗೆದುಕೊಂಡರೆ, ಊರಿನಲ್ಲಿರುವ ಅಮ್ಮನ ಪಾಲಿನದು ನಿಲ್ಲುತ್ತದೆಯೇ? ‘ಒಂದು ದೇಶ, ಒಂದು ರೇಶನ್ ಕಾರ್ಡ್’ ಯೋಜನೆ 2022ರೊಳಗೆ ಎಲ್ಲ ರಾಜ್ಯಗಳಲ್ಲಿಯೂ ಜಾರಿಗೆ ಬಂದಿದೆ; ಮನೆಯವರು ತಮ್ಮ ಪಾಲನ್ನು ಬೇರೆ ಬೇರೆ ಕಡೆ ಪಡೆಯಬಹುದೆಂದು ಯೋಜನೆಯಲ್ಲಿದೆ ಎಂದು ಬಲಪುಟದಲ್ಲಿ ಒಬ್ಬರು ಬರೆದಿದ್ದಾರೆ. ಅದರ ಕೆಳಗೆ ಮತ್ತೊಬ್ಬರ ಅಕ್ಷರವಿದೆ: ‘ಯೋಜನೆಯಲ್ಲಿ ಇರುವುದು ಸರಿ. ಫೋರ್ಟಿನ ಸುತ್ತ ಯಾವ ಅಂಗಡಿಯಲ್ಲಿ ಕೊಟ್ಟರು, ಯಾವ ತಾರೀಕಿಗೆ? ಸ್ವತಃ ತಂದವರು ಬರೆಯಿರಿ.’ ಅದರ ಕೆಳಗಿನ ಗೆರೆಗಳು ಈ ಸಂಚಿಕೆ ಅಚ್ಚಿಗೆ ಹೋಗುವಾಗಲೂ ಖಾಲಿ ಇವೆ.